ತೋಟ ಮಾಡಿದವರು, ಮಾಡಿಸಿದವರು: ಜೆಫರ್ಸನ್ ನಿವೃತ್ತಿಯ ಹದಿನೇಳು ವರ್ಷ

ಅಧಿಕಾರ ಮುಗಿದ ಮೇಲೆ ರಾಜಕಾರಣಿಗಳು ಏನು ಮಾಡ್ತಾರೆ? ನಮ್ಮಲ್ಲಿ ಬಹುತೇಕರಿಗೆ ಅದು ಮುಗಿಯುವುದೇ ಇಲ್ಲ, ಆ ಮಾತು ಬಿಡಿ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮಾತ್ರ ನಿಜವಾಗಿಯೂ ಎದ್ದು ಹೋದರು. ಎರಡು ಅವಧಿ ಮುಗಿಸಿ 1809ರ ಮಾರ್ಚ್ ತಿಂಗಳಲ್ಲಿ ವಾಷಿಂಗ್ಟನ್ ಬಿಟ್ಟು ವರ್ಜೀನಿಯಾದ ತಮ್ಮ ಬೆಟ್ಟದ ಮನೆ ಸೇರಿದರು. ಆಗ ಅವರಿಗೆ 65 ವರ್ಷ. 1826ರ ಜುಲೈ 4ರಂದು ಸಾಯುವವರೆಗೆ, ಅಂದರೆ ಹದಿನೇಳು ವರ್ಷ, ಮತ್ತೆ ರಾಜಧಾನಿಯ ಕಡೆ ತಲೆ ಹಾಕಲಿಲ್ಲ. ಪತ್ರ ಬರೆದರು, ಓದಿದರು, ಒಂದು ವಿಶ್ವವಿದ್ಯಾಲಯ ಕಟ್ಟಿಸಿದರು. ಇವೆಲ್ಲದರ ಜೊತೆಗೆ, ತುಂಬಾ ಇಷ್ಟಪಟ್ಟು ತೋಟ ಮಾಡಿಸಿದರು.

ಈ 'ಮಾಡಿಸಿದರು' ಅನ್ನೋ ಪದವನ್ನು ನಾನು ಯೋಚಿಸಿಯೇ ಬಳಸಿದ್ದೇನೆ. ಇಂಗ್ಲಿಷಿನಲ್ಲಿ ಜೆಫರ್ಸನ್ ಬಗ್ಗೆ ಓದುವಾಗೆಲ್ಲ ಅವರು ಬಟಾಣಿ ಬಿತ್ತಿದರು, ಅಂಜೂರ ನೆಟ್ಟರು, ಗುಡ್ಡ ಕಡಿದು ಮಟ್ಟ ಮಾಡಿದರು ಎಂದೇ ಬರುತ್ತದೆ. ಆ ಭಾಷೆಯಲ್ಲಿ ಅದು ಸಹಜ. ಕನ್ನಡಕ್ಕೆ ತರಲು ಹೊರಟರೆ ಮಾತ್ರ ಕ್ರಿಯಾಪದದ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ಬಿತ್ತಿದರೋ, ಬಿತ್ತಿಸಿದರೋ? ಕಡಿದರೋ, ಕಡಿಸಿದರೋ? ನಮ್ಮ ಭಾಷೆಯಲ್ಲಿ ಒಂದೇ ಒಂದು 'ಇಸು' ಸೇರಿದರೆ ಸಾಕು, ಬೆವರು ಒಬ್ಬರದ್ದು, ಹೆಸರು ಇನ್ನೊಬ್ಬರದ್ದು ಅನ್ನುವುದು ಗೊತ್ತಾಗಿಬಿಡುತ್ತದೆ. ಜೆಫರ್ಸನ್ ಬದುಕಿನ ಕೊನೆಯ ಭಾಗವನ್ನು ಆ ಒಂದು ಪ್ರತ್ಯಯ ಹಿಡಿದುಕೊಂಡೇ ಹೇಳಬೇಕು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಯಾರು ಈ ಮನುಷ್ಯ?

ಗೊತ್ತಿರುವ ಸಂಗತಿಗಳನ್ನು ಬೇಗ ಮುಗಿಸೋಣ. ಹುಟ್ಟಿದ್ದು 1743ರ ಏಪ್ರಿಲ್ 13, ವರ್ಜೀನಿಯಾದಲ್ಲಿ. ಅಪ್ಪ ಭೂಮಾಲೀಕ, ಸರ್ವೇಯರ್. ಓದಿದ್ದು ಕಾನೂನು. 33ನೇ ವಯಸ್ಸಿನಲ್ಲಿ, 1776ರಲ್ಲಿ, ಬ್ರಿಟಿಷ್ ದೊರೆತನವನ್ನು ಧಿಕ್ಕರಿಸಿದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದರು. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಅನ್ನುವ ಮಾತನ್ನು ರಾಜಕೀಯ ದಾಖಲೆಯೊಂದರ ಎದೆಯಲ್ಲಿ ಇಟ್ಟವರು ಅವರು. ಧರ್ಮ ಮತ್ತು ಪ್ರಭುತ್ವವನ್ನು ಬೇರೆ ಮಾಡುವ ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯನ್ನು ಬರೆದವರೂ ಅವರೇ. ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದರು. 1801ರಿಂದ 1809ರವರೆಗೆ ಅಧ್ಯಕ್ಷರಾಗಿದ್ದರು.

ಇನ್ನೊಂದು ಸಂಗತಿ. ತಮ್ಮ ಜೀವಮಾನದಲ್ಲಿ ಅವರು 600ಕ್ಕೂ ಹೆಚ್ಚು ಮನುಷ್ಯರ ಮಾಲೀಕರಾಗಿದ್ದರು. ಕೆಲವರು ಅಪ್ಪನಿಂದ ಬಂದವರು, ಹೆಚ್ಚಿನವರು ಮಾವ ಜಾನ್ ವೇಲ್ಸ್ ಕಡೆಯಿಂದ ಬಂದವರು ಮತ್ತು ಅವರ ನೆಲದಲ್ಲೇ ಹುಟ್ಟಿದವರು. ಮಾವನ ಆಸ್ತಿಯ ಜೊತೆಗೆ ಮಾವನ ಸಾಲವೂ ಬಂತು. ಆ ಸಾಲ ಕೊನೆಯವರೆಗೂ ಬೆನ್ನು ಬಿಡಲಿಲ್ಲ.

ನಿವೃತ್ತರಾಗಿ ಬಂದ ಮನೆಯ ಹೆಸರು ಮಾಂಟಿಚೆಲ್ಲೊ. ಇಟಾಲಿಯನ್ ಭಾಷೆಯಲ್ಲಿ ಚಿಕ್ಕ ಬೆಟ್ಟ ಎಂದರ್ಥ. ಷಾರ್ಲಟ್ಸ್‌ವಿಲ್ ಊರಿನ ಪಕ್ಕದ ಗುಡ್ಡದ ನೆತ್ತಿ ಕಡಿಸಿ, ಮಟ್ಟ ಮಾಡಿಸಿ, ತಾವೇ ನಕ್ಷೆ ಬರೆದು, ನಲವತ್ತು ವರ್ಷ ಕಟ್ಟಿಸಿ, ಕೆಡವಿಸಿ, ಮತ್ತೆ ಕಟ್ಟಿಸಿದ ಮನೆ ಅದು. ಹೆಂಡತಿ ಮಾರ್ತಾ 1782ರಲ್ಲೇ ತೀರಿಕೊಂಡಿದ್ದರು. ಈಗ ಮಗಳು, ಅವಳ ಹೆಸರೂ ಮಾರ್ತಾ, ಮಕ್ಕಳನ್ನು ಕಟ್ಟಿಕೊಂಡು ಅಪ್ಪನ ಮನೆಗೇ ಬಂದರು. ಮನೆ ತುಂಬ ಮೊಮ್ಮಕ್ಕಳು. ಅದರ ಮೇಲೆ ಕರೆಯದೇ ಬರುವ ನೆಂಟರು, ಅಭಿಮಾನಿಗಳು, ಮಾಜಿ ಅಧ್ಯಕ್ಷರ ಮುಖ ನೋಡಿ ಹೋಗೋಣ ಅಂತ ಬಂದು ವಾರಗಟ್ಟಲೆ ಉಳಿಯುವ ಅಪರಿಚಿತರು. ಈ ಗಲಾಟೆ ತಡೆಯಲಾರದೆ ಜೆಫರ್ಸನ್ ವರ್ಷಕ್ಕೆ ಕೆಲವು ಸಲ ತೊಂಬತ್ತು ಮೈಲಿ ದೂರದ ಪಾಪ್ಲರ್ ಫಾರೆಸ್ಟ್ ಎಂಬ ತಮ್ಮ ಇನ್ನೊಂದು ಎಸ್ಟೇಟಿಗೆ ಹೋಗಿ ಎಂಟು ಮೂಲೆಯ ಮನೆಯಲ್ಲಿ ಕೂರುತ್ತಿದ್ದರು.

73 ಗುಂಟೆಯ ತೋಟ

ತೋಟದ ಕೆಲಸ ನಿವೃತ್ತಿಗೆ ಮೊದಲೇ ಶುರುವಾಗಿತ್ತು. ಅಧ್ಯಕ್ಷರು ವಾಷಿಂಗ್ಟನ್‌ನಲ್ಲಿ ಕೂತು ನಕ್ಷೆ, ಅಳತೆ, ಸೂಚನೆ ಕಳಿಸುತ್ತಿದ್ದರು. ಇಲ್ಲಿ ಮೇಲ್ವಿಚಾರಕ ಎಡ್ಮಂಡ್ ಬೇಕನ್ ಅದನ್ನು ಮಾಡಿಸುತ್ತಿದ್ದರು. ಬೆಟ್ಟದ ದಕ್ಷಿಣದ ಇಳಿಜಾರನ್ನು ಕಡಿದು 1,000 ಅಡಿ ಉದ್ದ, 80 ಅಡಿ ಅಗಲದ ಒಂದು ಮಟ್ಟಸವಾದ ಹಾಸು ಮಾಡುವುದು ಯೋಜನೆ. ನಮ್ಮ ಲೆಕ್ಕದಲ್ಲಿ ಸುಮಾರು 73 ಗುಂಟೆ, ಎರಡು ಎಕರೆಗೆ ಸ್ವಲ್ಪ ಕಡಿಮೆ. ಹಾಳೆಯ ಮೇಲೆ ಇದು ಒಂದು ಗೆರೆ. ಬೆಟ್ಟದ ಮೇಲೆ ಅದು ಮೂರು ವರ್ಷದ ಕೆಲಸ. ಕೆಮ್ಮಣ್ಣು ಅಗೆದು, ಗಾಡಿಗೆ ತುಂಬಿ, ಕೆಳಗೆ ಸುರಿದು, ಅದು ಮಳೆಗೆ ಜಾರದ ಹಾಗೆ ಕಲ್ಲಿನ ಗೋಡೆ ಕಟ್ಟಬೇಕು. ಕೆಲವೆಡೆ ಆ ಗೋಡೆ ಹನ್ನೆರಡು ಅಡಿಗಿಂತ ಎತ್ತರ. ಈ ಕೆಲಸಕ್ಕೆ ಮನೆಯ ಗುಲಾಮರು ಸಾಲದೆ ಬೇರೆ ಮಾಲೀಕರಿಂದ ಬಾಡಿಗೆಗೆ ತಂದ ಗುಲಾಮರನ್ನೂ ಹಚ್ಚಿದರು. ಬಾಡಿಗೆ ಹಣ ಮಾಲೀಕರಿಗೆ, ಅಗೆತ ಇವರಿಗೆ.

ಹೀಗೆ ಆದ ಹಾಸನ್ನು 24 ಚೌಕಗಳಾಗಿ ಪಾಲು ಮಾಡಿದರು. ಬೇರು ತಿನ್ನುವ ತರಕಾರಿ ಒಂದು ಕಡೆ, ಸೊಪ್ಪು ಒಂದು ಕಡೆ, ಕಾಯಿ ಇನ್ನೊಂದು ಕಡೆ. ಸುತ್ತಲೂ ಹತ್ತಡಿ ಎತ್ತರದ ಮರದ ಬೇಲಿ. ಮೊಲದ ಮರಿ ಕೂಡ ನುಸುಳಬಾರದು ಅನ್ನೋದು ಅವರ ಷರತ್ತು. ಗೋಡೆಯ ಮೇಲೆ ಒಂದು ಪುಟ್ಟ ಮಂಟಪ. ಅಲ್ಲಿ ಕೂತು ಸಂಜೆ ಓದುವುದು, ಕೆಳಗಿನ ಹಣ್ಣಿನ ತೋಟ ನೋಡುವುದು. ನೀರಿನದ್ದು ಮಾತ್ರ ಯಾವಾಗಲೂ ತಾಪತ್ರಯ. ಬೆಟ್ಟದ ಮೇಲಿನ 65 ಅಡಿ ಬಾವಿ ಆಗಾಗ ಬತ್ತುತ್ತಿತ್ತು. ಬತ್ತಿದಾಗ ಇಳಿಜಾರಿನ ಬುಗ್ಗೆಗಳಿಂದ ಹೊತ್ತು ತರಬೇಕು. ಮಳೆನೀರು ಹಿಡಿಯಲು ನಾಲ್ಕು ತೊಟ್ಟಿಗಳನ್ನೂ ಕಟ್ಟಿಸಿದರು.

ಜೆಫರ್ಸನ್‌ಗೆ ತೋಟದ ಬಗ್ಗೆ ಇದ್ದ ಪ್ರೀತಿ ನಿಜವಾದದ್ದು. ಅದನ್ನು ಅಲ್ಲಗಳೆದು ಈ ಬದುಕನ್ನು ಹೇಳೋಕೆ ಆಗಲ್ಲ. 1766ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಯಾವ ಹೂ ಯಾವತ್ತು ಅರಳಿತು ಅಂತ ಬರೆಯಲು ಶುರುಮಾಡಿದ ತೋಟದ ಪುಸ್ತಕವನ್ನು 1824ರವರೆಗೂ ಮುಂದುವರಿಸಿದರು. ಬಿತ್ತಿದ ದಿನ, ಮೊಳೆತ ದಿನ, ಊಟದ ಮೇಜಿಗೆ ಬಂದ ದಿನ, ಕೆಟ್ಟುಹೋಗಿದ್ದರೆ ಕೆಟ್ಟುಹೋಯಿತು ಅನ್ನೋದು, ಎಲ್ಲಾ ಬರೆದಿಟ್ಟರು. ಸುಮಾರು 330 ತಳಿಯ ತರಕಾರಿ ಮತ್ತು ಗಿಡಮೂಲಿಕೆ, 170 ತಳಿಯ ಹಣ್ಣುಗಳನ್ನು ಪರೀಕ್ಷಿಸಿದರು. ಫಿಲಡೆಲ್ಫಿಯಾದ ಬೀಜದ ವ್ಯಾಪಾರಿ ಬರ್ನಾರ್ಡ್ ಮೆಕ್‌ಮಹನ್ 1806ರಲ್ಲಿ ಬರೆದ ತೋಟಗಾರಿಕೆ ಪುಸ್ತಕ ಅವರಿಗೆ ಪಂಚಾಂಗದ ಹಾಗೆ. ಲೆಟಿಸ್ ಸೊಪ್ಪು ತಪ್ಪದೆ ಸಿಗಬೇಕಾದರೆ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸೋಮವಾರ, ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಟೊಪ್ಪಿಯಷ್ಟು ಬೀಜ ಬಿತ್ತಬೇಕು ಅನ್ನುವ ಮಟ್ಟದ ಲೆಕ್ಕ ಅವರದ್ದು. ಬಟಾಣಿ ಅಂದರೆ ಪ್ರಾಣ. ವಸಂತದಲ್ಲಿ ಮೊದಲ ಬಟಾಣಿ ಯಾರ ಮನೆಯಲ್ಲಿ ಆಗುತ್ತೋ ಅವರು ಉಳಿದವರನ್ನು ಊಟಕ್ಕೆ ಕರೆಯಬೇಕು ಅಂತ ನೆರೆಹೊರೆಯ ಜಮೀನ್ದಾರರಲ್ಲಿ ಪಂದ್ಯ. ಗೆಲ್ಲುತ್ತಿದ್ದವರು ಹೆಚ್ಚಾಗಿ ಜಾರ್ಜ್ ಡೈವರ್ಸ್. ಮಾಂಸವನ್ನು ತಾವು ತರಕಾರಿಗೆ ನಂಚಿಕೊಳ್ಳುವಷ್ಟು ಮಾತ್ರ ತಿನ್ನುತ್ತೇನೆ ಎಂದು 75ರ ವಯಸ್ಸಿನಲ್ಲಿ ವೈದ್ಯರೊಬ್ಬರಿಗೆ ಬರೆದರು.

ಹೊಸ ಬೆಳೆಯೊಂದನ್ನು ನಾಡಿಗೆ ತರುವುದು ದೊಡ್ಡ ದೇಶಸೇವೆ ಎಂದು ಅವರು ನಂಬಿದ್ದರು. ಇಟಲಿಯಲ್ಲಿ ಭತ್ತದ ಬೀಜ ಹೊರಗೆ ಒಯ್ಯುವಂತಿಲ್ಲದ ಕಾಲದಲ್ಲಿ, 1787ರಲ್ಲಿ, ಕೋಟಿನ ಜೇಬು ತುಂಬಿಕೊಂಡು ಗಡಿ ದಾಟಿದ್ದರು. ಮುಂದೆ ಆಫ್ರಿಕಾದಿಂದ ಬೆದ್ದಲು ಭತ್ತದ ಬೀಜ ತರಿಸಿ ದಕ್ಷಿಣದ ರಾಜ್ಯಗಳಿಗೆ ಹಂಚಿದರು. ನೀರು ನಿಲ್ಲಿಸಿ ಬೆಳೆಯುವ ಗದ್ದೆಗಳಲ್ಲಿ ಜನ ಜ್ವರದಿಂದ ಸಾಯುತ್ತಿದ್ದಾರೆ, ಒಣನೆಲದ ಭತ್ತ ಬಂದರೆ ಅದು ನಿಲ್ಲಬಹುದು ಎಂಬುದು ಅವರ ಆಸೆ. ಆ ಗದ್ದೆಗಳಲ್ಲಿ ನಿಂತು ಸಾಯುತ್ತಿದ್ದವರು ಗುಲಾಮರು. ಅವರ ಜ್ವರ ಕಂಡ ಕಣ್ಣಿಗೆ ಅವರ ಗುಲಾಮಗಿರಿ ಕಾಣಲಿಲ್ಲ ಅನ್ನೋಕಾಗಲ್ಲ, ಕಂಡಿತ್ತು. ಅದೇ ಈ ಬದುಕಿನ ಕಷ್ಟದ ಭಾಗ.

ಅಳತೆ ದಾರ, ಗುದ್ದಲಿ

ಮೊಮ್ಮಗಳು ಎಲೆನ್ ಮುಂದೆ ದೊಡ್ಡವಳಾದ ಮೇಲೆ ನೆನಪು ಮಾಡಿಕೊಂಡ ಒಂದು ದೃಶ್ಯವಿದೆ. ಮನೆಯ ಹಿಂದೆ ಹುಲ್ಲುಹಾಸಿನ ಸುತ್ತ ಬಳಸಿಕೊಂಡು ಹೋಗುವ ಕಾಲುದಾರಿ. ಅದರ ಅಂಚಿಗೆ ಹೂವಿನ ಪಾತಿ ಮಾಡುವ ದಿನ. ಅಜ್ಜನ ಕೈಯಲ್ಲಿ ಅಳತೆ ದಾರ. ವರ್ಮ್ಲಿ ಕೈಯಲ್ಲಿ ಸನಿಕೆ, ಗುದ್ದಲಿ. ಟ್ಯೂಲಿಪ್ ಗಡ್ಡೆಗಳು ಎಲ್ಲಿ ಬೀಳಬೇಕು ಅಂತ ಅಜ್ಜ ತೋರಿಸುತ್ತಾರೆ, ಮಕ್ಕಳು ಸುತ್ತ ಕುಣಿಯುತ್ತವೆ. ಪ್ರೀತಿಯಿಂದ ಹೇಳಿದ ನೆನಪು ಅದು. ನನಗೆ ಅದರಲ್ಲಿ ಕಾಣುವುದು ಆ ಎರಡು ಕೈಗಳು.

ವರ್ಮ್ಲಿ ಹ್ಯೂಸ್ ಹುಟ್ಟಿದ್ದು 1781ರಲ್ಲಿ. ಹುಡುಗನಾಗಿದ್ದಾಗ ಹಾಕಿದ್ದು ಮೊಳೆ ಹೊಡೆಯುವ ಕುಲುಮೆಗೆ. 1794ರಲ್ಲಿ ಜೆಫರ್ಸನ್ ಶುರುಮಾಡಿದ ಆ ಕುಲುಮೆಯಲ್ಲಿ ಹತ್ತರಿಂದ ಹದಿನಾರು ವರ್ಷದ ಹುಡುಗರು ಬೆಳಗಿಂದ ಸಂಜೆವರೆಗೆ ಕಬ್ಬಿಣದ ಕಂಬಿ ಕಾಯಿಸಿ ಮೊಳೆ ಮಾಡುತ್ತಿದ್ದರು. ಆಮೇಲೆ ವರ್ಮ್ಲಿ ಕುದುರೆ ಲಾಯ ನೋಡಿಕೊಂಡರು, ಕೊನೆಗೆ ತೋಟದ ಮುಖ್ಯಸ್ಥರಾದರು. ಯಾವ ಬೀಜ ಎಲ್ಲಿ ಹಾಕಿದೆ, ಯಾವ ಕಸಿ ಹಿಡಿದಿದೆ, ಯಾವ ಮರಕ್ಕೆ ಗೊಬ್ಬರ ಬೇಕು, ಇದೆಲ್ಲ ಅವರಿಗೆ ಗೊತ್ತಿತ್ತು. ಜೆಫರ್ಸನ್ ಊರಲ್ಲಿ ಇಲ್ಲದಿದ್ದಾಗ ಬೇರೆ ಬೇರೆ ಕಡೆಯಿಂದ ಬಂದ ಬೀಜ, ಗಡ್ಡೆ, ಸಸಿಗಳನ್ನು ನೆಟ್ಟು ಬದುಕಿಸಿದವರು ಅವರು. ಅಧ್ಯಕ್ಷರಿಗೆ 'ಅವರು', ತೋಟದ ಆಳಿಗೆ 'ಅವನು' ಎಂದು ಬರೆಯುವ ರೂಢಿ ನಮ್ಮಲ್ಲೂ ಗಟ್ಟಿಯಾಗಿದೆ. ಇಲ್ಲಿ ಇಬ್ಬರಿಗೂ ಒಂದೇ ಬಹುವಚನ.

ವರ್ಮ್ಲಿ ಅವರ ತಾಯಿ ಬೆಟ್ಟಿ ಬ್ರೌನ್. ಬೆಟ್ಟಿಯ ತಂಗಿ ಸ್ಯಾಲಿ ಹೆಮಿಂಗ್ಸ್, ತಾಯಿ ಒಬ್ಬರೇ, ಅಪ್ಪಂದಿರು ಬೇರೆ. ಸ್ಯಾಲಿಯ ಅಪ್ಪ ಜೆಫರ್ಸನ್ ಅವರ ಮಾವನೇ. ಅಂದರೆ ಸ್ಯಾಲಿ ಜೆಫರ್ಸನ್ ಹೆಂಡತಿಗೆ ಮಲತಂಗಿ, ಮತ್ತು ಜೆಫರ್ಸನ್‌ಗೆ ಆಸ್ತಿ. ಸ್ಯಾಲಿಯ ಮಕ್ಕಳ ತಂದೆ ಜೆಫರ್ಸನ್ ಅನ್ನುವುದು ಅವರ ಕಾಲದಲ್ಲೇ ಪತ್ರಿಕೆಯಲ್ಲಿ ಬಂದ ಸುದ್ದಿ. 1998ರ ಡಿಎನ್‌ಎ ಪರೀಕ್ಷೆಯ ನಂತರ ಹೆಚ್ಚಿನ ಇತಿಹಾಸಕಾರರು, ಮಾಂಟಿಚೆಲ್ಲೊ ನಡೆಸುವ ಪ್ರತಿಷ್ಠಾನವೂ ಇದನ್ನು ಒಪ್ಪಿದ್ದಾರೆ. ಆ ಸಂಬಂಧದಲ್ಲಿ ಮದುವೆಯೂ ಇಲ್ಲ, ಬೇಡ ಅನ್ನುವ ಹಕ್ಕೂ ಇಲ್ಲ. ಆದರೂ ನಮ್ಮ ನೆಂಟಸ್ತನದ ಲೆಕ್ಕದಲ್ಲಿ ನೋಡಿ: ವರ್ಮ್ಲಿಗೆ ಸ್ಯಾಲಿ ಚಿಕ್ಕಮ್ಮ. ಹಾಗಾದರೆ ಅಳತೆ ದಾರ ಹಿಡಿದವರು ಗುದ್ದಲಿ ಹಿಡಿದವರಿಗೆ ಏನಾಗಬೇಕು?

ಇನ್ನು ತೋಟದಲ್ಲಿ ಬೆಳೆದದ್ದನ್ನೇ ನೋಡಿ. ಬೆಂಡೆ ಇತ್ತು, ಎಳ್ಳು ಇತ್ತು. ಆಗಿನ ವರ್ಜೀನಿಯಾದ ಬಿಳಿಯರ ಅಡುಗೆಮನೆಗೆ ಇವು ಹೊಸತು. ಬೆಂಡೆ ಅಮೆರಿಕ ಸೇರಿದ್ದು ಗುಲಾಮರ ಹಡಗಿನ ದಾರಿಯಲ್ಲಿ. ಎಳ್ಳಿಗೆ ಅಲ್ಲಿನ ದಕ್ಷಿಣದಲ್ಲಿ ಇವತ್ತಿಗೂ 'ಬೆನ್ನೆ' ಅಂತಾರೆ. ನಮ್ಮ ಬೆಣ್ಣೆಗೂ ಅದಕ್ಕೂ ಸಂಬಂಧವಿಲ್ಲ, ಅದು ಪಶ್ಚಿಮ ಆಫ್ರಿಕಾದ ಭಾಷೆಯ ಪದ. ಎಳ್ಳೆಣ್ಣೆಯ ರುಚಿ ನೋಡಿ ಬೆರಗಾದ ಜೆಫರ್ಸನ್ ಅದನ್ನು ಬೆಳೆಸಲು, ಗಾಣದಂಥ ಯಂತ್ರ ಮಾಡಿಸಿ ಎಣ್ಣೆ ತೆಗೆಸಲು ವರ್ಷಗಟ್ಟಲೆ ಒದ್ದಾಡಿದರು. ಇದು ಆಫ್ರಿಕಾದಿಂದ ಗುಲಾಮರು ತಂದದ್ದು ಅಂತ ಅವರಿಗೆ ಗೊತ್ತಿತ್ತು, ಹಾಗೆಂದೇ ಬರೆದರು.

ಗುಲಾಮರಿಗೆ ತಮ್ಮದೇ ಚಿಕ್ಕ ಹಿತ್ತಲುಗಳೂ ಇದ್ದವು. ಹಗಲು ದೊರೆಯ ಕೆಲಸ. ಕತ್ತಲಾದ ಮೇಲೆ ಮತ್ತು ಭಾನುವಾರ ತಮ್ಮ ಪಾತಿ. ಕೊಡುತ್ತಿದ್ದ ಪಡಿ ಹೊಟ್ಟೆಗೆ ಸಾಲುತ್ತಿರಲಿಲ್ಲ, ಅದಕ್ಕೆ. ಅಲ್ಲಿ ಬೆಳೆದ ಕೋಸು, ಸೌತೆ, ಆಲೂಗಡ್ಡೆ, ಕಲ್ಲಂಗಡಿ, ಸಾಕಿದ ಕೋಳಿ, ಮೊಟ್ಟೆಗಳನ್ನು ದೊಡ್ಡ ಮನೆಗೇ ಮಾರುತ್ತಿದ್ದರು. ಮೊಮ್ಮಗಳು ಆ್ಯನ್ 1805ರಿಂದ 1808ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕದಲ್ಲಿ ಇಂಥ ಹತ್ತಾರು ಜನರ ಹೆಸರಿದೆ. ಬ್ಯಾಗ್‌ವೆಲ್ ಎಂಬುವವರು ಬಿಯರ್‌ಗೆ ಹಾಕುವ ಹಾಪ್ಸ್ ಹೂವನ್ನು 60 ಪೌಂಡ್ ಬೆಳೆದು 20 ಡಾಲರ್‌ಗೆ ಮಾರಿದರು. ಅಮೆರಿಕದ ಅತ್ಯಂತ ಹೆಸರುವಾಸಿ ಕೈತೋಟದ ಮಾಲೀಕರು ತಮ್ಮ ಗುಲಾಮರ ಹಿತ್ತಲಿನಿಂದ ತರಕಾರಿ ಕೊಳ್ಳುತ್ತಿದ್ದರು. ಬಿತ್ತಿದರು ಅನ್ನುವ ಕ್ರಿಯಾಪದ ಯಾವ 'ಇಸು'ವೂ ಇಲ್ಲದೆ ಕೂರುವುದು ಈ ಹಿತ್ತಲುಗಳಿಗೆ.

ತೋಟಕ್ಕೆ ಬಾರದ ವಯಸ್ಸು

ಜೆಫರ್ಸನ್‌ಗೆ ಗುಲಾಮಗಿರಿ ತಪ್ಪು ಅಂತ ಗೊತ್ತಿರಲಿಲ್ಲವೇ? ಆ ಕಾಲವೇ ಹಾಗಿತ್ತು ಅನ್ನುವ ವಾದ ಕೇಳಿರುತ್ತೀರಿ. ದಾಖಲೆ ಬೇರೆ ಹೇಳುತ್ತದೆ. ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಅವರು ಬರೆದ ಭಾಗವನ್ನು ಉಳಿದ ಪ್ರತಿನಿಧಿಗಳು ಕಿತ್ತುಹಾಕಿದರು. ಅಧ್ಯಕ್ಷರಾಗಿ, ವಿದೇಶದಿಂದ ಗುಲಾಮರನ್ನು ತರುವುದನ್ನು 1808ರ ಜನವರಿ 1ರಿಂದ ನಿಷೇಧಿಸುವ ಕಾಯ್ದೆಗೆ ಸಹಿ ಹಾಕಿದರು. ಅದೇ ಮನುಷ್ಯ 1780ರ ದಶಕದ ಪುಸ್ತಕದಲ್ಲಿ ಕರಿಯರು ಬುದ್ಧಿಯಲ್ಲಿ ಬಿಳಿಯರಿಗಿಂತ ಕಡಿಮೆ ಇರಬಹುದು ಅನ್ನುವ ಅನುಮಾನವನ್ನು ವಿಜ್ಞಾನದ ಧಾಟಿಯಲ್ಲಿ ಮುಂದಿಟ್ಟರು. ಬಿಡುಗಡೆಯಾದ ಮೇಲೆ ಅವರು ಈ ನೆಲದಲ್ಲಿ ಬಿಳಿಯರ ಜೊತೆ ಬಾಳಲಾರರು, ಹೊರಗೆ ಕಳಿಸಬೇಕು ಅಂತಲೂ ಹೇಳಿದರು.

ನಿವೃತ್ತಿಯ ಕಾಲದಲ್ಲೇ ಅವರಿಗೆ ಒಂದು ಪರೀಕ್ಷೆ ಬಂತು. 1814ರ ಬೇಸಿಗೆಯಲ್ಲಿ ಎಡ್ವರ್ಡ್ ಕೋಲ್ಸ್ ಎಂಬ ಇಪ್ಪತ್ತೇಳು ವರ್ಷದ ತರುಣ ಪತ್ರ ಬರೆದರು. ಅದೇ ಸೀಮೆಯ ಶ್ರೀಮಂತ ಮನೆತನದವರು, ಆಗಿನ ಅಧ್ಯಕ್ಷ ಮ್ಯಾಡಿಸನ್ ಅವರ ಆಪ್ತ ಕಾರ್ಯದರ್ಶಿ. ಅಪ್ಪನಿಂದ ಬಂದ ಗುಲಾಮರನ್ನು ಬಿಡುಗಡೆ ಮಾಡಲು ನಿರ್ಧರಿಸಿದ್ದೇನೆ, ವರ್ಜೀನಿಯಾದಲ್ಲಿ ಗುಲಾಮಗಿರಿ ಕೊನೆಗಾಣಿಸುವ ಕೆಲಸಕ್ಕೆ ನೀವು ಮುಂದೆ ನಿಲ್ಲಿ, ನಿಮ್ಮ ಮಾತಿಗೆ ತೂಕವಿದೆ ಅನ್ನುವುದು ಪತ್ರದ ಸಾರ. ಮೂರು ವಾರ ಬಿಟ್ಟು ಜೆಫರ್ಸನ್ ಉತ್ತರಿಸಿದರು. ನಿನ್ನ ಭಾವನೆ ಒಳ್ಳೆಯದು, ಆದರೆ ಇದು ಯುವಕರು ಮಾಡಬೇಕಾದ ಕೆಲಸ, ನನಗೆ ವಯಸ್ಸಾಯಿತು. ನೀನೂ ಅವರನ್ನು ಬಿಟ್ಟು ಹೋಗಬೇಡ, ಇಲ್ಲೇ ಇದ್ದು ನೋಡಿಕೋ. ಉತ್ತರದ ತಾತ್ಪರ್ಯ ಅಷ್ಟು.

ಈ ಪತ್ರದ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಮೂರು ವರ್ಷ ಮೊದಲು, 1811ರಲ್ಲಿ, ಚಿತ್ರಕಾರ ಗೆಳೆಯ ಚಾರ್ಲ್ಸ್ ವಿಲ್ಸನ್ ಪೀಲ್ ಅವರಿಗೆ ಜೆಫರ್ಸನ್ ಬರೆದಿದ್ದರು. ತಾನು ಮುದುಕನಾದರೂ ತೋಟದ ಕೆಲಸದಲ್ಲಿ ಇನ್ನೂ ಎಳೆಯ ಎಂಬರ್ಥದ ಆ ಮಾತು ಅಮೆರಿಕದ ಲೆಕ್ಕವಿಲ್ಲದಷ್ಟು ತೋಟಗಾರಿಕೆ ಪುಸ್ತಕಗಳಲ್ಲಿ ಅಚ್ಚಾಗಿದೆ. ತೋಟಕ್ಕೆ ಬಾರದ ವಯಸ್ಸು ಬಿಡುಗಡೆಗೆ ಬಂದುಬಿಟ್ಟಿತ್ತು. ವಿಶ್ವವಿದ್ಯಾಲಯಕ್ಕೂ ಆ ವಯಸ್ಸು ಅಡ್ಡ ಬರಲಿಲ್ಲ. 1819ರಲ್ಲಿ ಸ್ಥಾಪನೆಯಾದ ವರ್ಜೀನಿಯಾ ವಿಶ್ವವಿದ್ಯಾಲಯದ ಕಟ್ಟಡದ ನಕ್ಷೆಯಿಂದ ಹಿಡಿದು ಪಠ್ಯದವರೆಗೆ ಎಲ್ಲ ಅವರ ಕೈಯಲ್ಲೇ ಆಯಿತು. ಅದರ ಇಟ್ಟಿಗೆ ಹೊತ್ತವರಲ್ಲೂ ಗುಲಾಮರಿದ್ದರು.

ಕೋಲ್ಸ್ ಏನು ಮಾಡಿದರು? 1819ರಲ್ಲಿ ತಮ್ಮ ಗುಲಾಮರನ್ನು ಕರೆದುಕೊಂಡು ಪಶ್ಚಿಮಕ್ಕೆ ಹೊರಟರು. ಒಹಾಯೊ ನದಿಯಲ್ಲಿ ದೋಣಿ ಸಾಗುತ್ತಿರುವಾಗ ನೀವೆಲ್ಲ ಸ್ವತಂತ್ರರು ಎಂದು ಹೇಳಿದರು. ಇಲಿನಾಯ್‌ನಲ್ಲಿ ಕುಟುಂಬಕ್ಕೆ 160 ಎಕರೆಯಂತೆ ಜಮೀನು ಕೊಟ್ಟರು. ಮೂರು ವರ್ಷಕ್ಕೆ ಅದೇ ರಾಜ್ಯದ ಗವರ್ನರ್ ಆಗಿ, ಅಲ್ಲಿ ಗುಲಾಮಗಿರಿ ತರಲು ನಡೆದ ಪ್ರಯತ್ನವನ್ನು ಸೋಲಿಸಿದರು. ಅದೇ ಕಾಲ, ಅದೇ ಜಿಲ್ಲೆ, ಅದೇ ವರ್ಗದ ಮನುಷ್ಯ. ಕಾಲವೇ ಹಾಗಿತ್ತು ಅನ್ನುವ ವಾದಕ್ಕೆ ಕೋಲ್ಸ್ ಒಬ್ಬರೇ ಸಾಕು.

ಸಾಲ ತೀರಿಸಿದವರು

ಮಾಜಿ ಅಧ್ಯಕ್ಷರಿಗೆ ಆಗ ಪಿಂಚಣಿ ಇರಲಿಲ್ಲ. ಮನೆ ತುಂಬ ಅತಿಥಿಗಳು, ದುಬಾರಿ ವೈನ್, ಪುಸ್ತಕ, ಮುಗಿಯದ ಕಟ್ಟಡ. ಬೆಳೆಗೆ ಬೆಲೆಯಿಲ್ಲ. 1815ರಲ್ಲಿ ತಮ್ಮ 6,487 ಪುಸ್ತಕಗಳನ್ನು ಸರ್ಕಾರಕ್ಕೆ 23,950 ಡಾಲರ್‌ಗೆ ಮಾರಿದರು. ಲೈಬ್ರರಿ ಆಫ್ ಕಾಂಗ್ರೆಸ್ ಮತ್ತೆ ತಲೆಯೆತ್ತಿದ್ದು ಆ ಪುಸ್ತಕಗಳಿಂದ. ಬಂದ ದುಡ್ಡು ಸಾಲಕ್ಕೆ ಹೋಯಿತು, ಸಾಲ ಹೋಗಲಿಲ್ಲ. 1818ರಲ್ಲಿ ಬೀಗರಾದ ವಿಲ್ಸನ್ ಕ್ಯಾರಿ ನಿಕೊಲಸ್ ಅವರ 20,000 ಡಾಲರ್ ಸಾಲಕ್ಕೆ ಜಾಮೀನು ನಿಂತರು. ಮರುವರ್ಷದ ಆರ್ಥಿಕ ಕುಸಿತದಲ್ಲಿ ನಿಕೊಲಸ್ ದಿವಾಳಿಯಾದರು, ಆ ಸಾಲವೂ ಇವರ ತಲೆಗೆ ಬಂತು. ಕೊನೆಗೆ 1826ರಲ್ಲಿ ಆಸ್ತಿಯನ್ನು ಲಾಟರಿಗೆ ಇಡಲು ರಾಜ್ಯದ ಶಾಸನಸಭೆಯ ಅನುಮತಿ ಕೇಳುವ ಸ್ಥಿತಿ.

ಅದೇ ವರ್ಷ ಜುಲೈ 4ಕ್ಕೆ, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, ಜೆಫರ್ಸನ್ ತೀರಿಕೊಂಡರು. ಅದೇ ದಿನ ಕೆಲವೇ ಗಂಟೆಗಳ ನಂತರ ಹಳೆಯ ಗೆಳೆಯ, ಹಳೆಯ ಎದುರಾಳಿ ಜಾನ್ ಆ್ಯಡಮ್ಸ್ ಕೂಡ ಹೋದರು. ಸಮಾಧಿ ಕಲ್ಲಿನ ಮೇಲೆ ಏನಿರಬೇಕು ಅಂತ ಜೆಫರ್ಸನ್ ಮೊದಲೇ ಬರೆದಿಟ್ಟಿದ್ದರು. ಘೋಷಣೆ, ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ, ವಿಶ್ವವಿದ್ಯಾಲಯ, ಈ ಮೂರು. ಅಧ್ಯಕ್ಷ ಪದವಿಯ ಮಾತೇ ಇಲ್ಲ. ಸಮಾಧಿಯ ಗುಂಡಿ ತೋಡಿದವರು ವರ್ಮ್ಲಿ ಹ್ಯೂಸ್.

ಉಳಿದ ಸಾಲ 1,07,000 ಡಾಲರ್. ಬದುಕಿದ್ದಾಗ ಜೆಫರ್ಸನ್ ಕಾನೂನಿನ ಪ್ರಕಾರ ಬಿಡುಗಡೆ ಮಾಡಿದ್ದು ಇಬ್ಬರನ್ನು, ಮರಣಪತ್ರದಲ್ಲಿ ಐವರನ್ನು. ಏಳೂ ಜನ ಹೆಮಿಂಗ್ಸ್ ಕುಟುಂಬದವರೇ. ಸ್ಯಾಲಿಯ ಹೆಸರು ಆ ಪತ್ರದಲ್ಲಿಲ್ಲ, ಅವರನ್ನು ಮಗಳು ಮಾರ್ತಾ ಸುಮ್ಮನೆ ಹೋಗಲು ಬಿಟ್ಟರು. ಉಳಿದವರಿಗೆ 1827ರ ಜನವರಿಯಲ್ಲಿ ಹರಾಜು. ಪತ್ರಿಕೆಯಲ್ಲಿ ಜಾಹೀರಾತು ಬಂತು: ದನಕರು, ಧಾನ್ಯ, ಮನೆ ಸಾಮಾನುಗಳ ಜೊತೆಗೆ 130 ಗುಲಾಮರು. ಚಳಿಯಲ್ಲಿ ಐದು ದಿನ, ಅದೇ ಬೆಟ್ಟದ ಮೇಲೆ, ಕುಟುಂಬಗಳು ಚೂರುಚೂರಾಗಿ ಬಿಕರಿಯಾದವು.

ವರ್ಮ್ಲಿಗೆ ಮಾರ್ತಾ ಬಾಯಿಮಾತಿನಲ್ಲಿ ಬಿಡುಗಡೆ ಕೊಟ್ಟರು. ಹೆಂಡತಿ ಅರ್ಸುಲಾ ಮತ್ತು ಮಕ್ಕಳು ಹರಾಜಿಗೆ ಹೋದರು. ಜೆಫರ್ಸನ್ ಅವರ ಮೊಮ್ಮಗ ಅರ್ಸುಲಾ ಮತ್ತು ಕೆಲವು ಮಕ್ಕಳನ್ನು ಕೊಂಡುಕೊಂಡದ್ದರಿಂದ ಆ ಸಂಸಾರ ಅಷ್ಟೋ ಇಷ್ಟೋ ಒಂದೆಡೆ ಸೇರಿತು. ಕಮ್ಮಾರ ಜೋ ಫಾಸೆಟ್ ಮರಣಪತ್ರದಲ್ಲಿ ಬಿಡುಗಡೆಯಾದ ಐವರಲ್ಲಿ ಒಬ್ಬರು. ಆದರೆ ಅವರ ಹೆಂಡತಿ ಎಡಿತ್, ಅಧ್ಯಕ್ಷರ ಭವನದಲ್ಲಿ ಫ್ರೆಂಚ್ ಅಡುಗೆ ಕಲಿತು ಬಂದು ಮಾಂಟಿಚೆಲ್ಲೊದ ಊಟಕ್ಕೆ ಹೆಸರು ತಂದವರು, ಮಕ್ಕಳ ಜೊತೆ ಮಾರಾಟವಾದರು. ಆ ತೋಟದ ತರಕಾರಿಯನ್ನು ಅತಿಥಿಗಳ ತಟ್ಟೆಗೆ ತಲುಪಿಸಿದ್ದು ಅವರ ಕೈ. ಮಗ ಪೀಟರ್‌ಗೆ ಆಗ ಹನ್ನೊಂದು ವರ್ಷ. ಬೇರೆಯವರ ಪಾಲಾದ ಆ ಹುಡುಗನ ಬಿಡುಗಡೆಗೆ ಕುಟುಂಬ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡ್ಡು ಕೂಡಿಡಬೇಕಾಯಿತು.

ಪ್ರತಿಮೆ ಇಳಿಸಿದರೆ ಸಾಕೇ?

2021ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ನಗರ ಪಾಲಿಕೆಯ ಸಭಾಂಗಣದಿಂದ ಜೆಫರ್ಸನ್ ಪ್ರತಿಮೆಯನ್ನು ತೆಗೆದರು. ಅದಕ್ಕೂ ಮುಂಚೆ ಪೋರ್ಟ್‌ಲ್ಯಾಂಡ್‌ನಲ್ಲಿ ಜನ ಒಂದನ್ನು ಉರುಳಿಸಿದ್ದರು. ಇದು ಸರಿಯೇ ಎಂಬ ಜಗಳ ಅಲ್ಲಿ ನಡೆಯುತ್ತಲೇ ಇದೆ. ಸಮಾನತೆಯ ಮಾತು ಬರೆದವರನ್ನು ಕೆಳಗಿಳಿಸಬಾರದು ಅಂತ ಒಬ್ಬರು, ಮನುಷ್ಯರನ್ನು ಮಾರಿದವರನ್ನು ಮೇಲೆ ನಿಲ್ಲಿಸಬಾರದು ಅಂತ ಇನ್ನೊಬ್ಬರು.

ಸಭಾಂಗಣದಲ್ಲಿ ಪ್ರತಿದಿನ ಅದರ ಕೆಳಗೆ ಕೂರಬೇಕಾದ ಕರಿಯ ಪ್ರತಿನಿಧಿಗಳು ಬೇಡ ಅಂದರೆ ತೆಗೆಯುವುದೇ ಸರಿ ಅಂತ ನನಗನ್ನಿಸುತ್ತದೆ. ಆದರೆ ನನ್ನ ಚಿಂತೆ ಬೇರೆ. ಪ್ರತಿಮೆ ಇಳಿಸಿದರೂ ವಾಕ್ಯ ಹಾಗೆಯೇ ಉಳಿದುಬಿಡಬಹುದು. ಜೆಫರ್ಸನ್ ಕೆಟ್ಟವರು ಅಂತ ತೀರ್ಮಾನಿಸಿದ ಮೇಲೂ ಕಥೆಯ ಕರ್ತೃ ಜೆಫರ್ಸನ್ನೇ ಆಗಿದ್ದರೆ ವರ್ಮ್ಲಿ ಎಲ್ಲಿಗೆ ಹೋಗಬೇಕು? ಹೊಗಳುವಾಗಲೂ ಬೈಯುವಾಗಲೂ ನಾವು ಒಬ್ಬರನ್ನೇ ನೋಡುತ್ತಿರುತ್ತೇವೆ. ಕೆರೆ, ಕೋಟೆ, ಅಣೆಕಟ್ಟು, ಉದ್ಯಾನ ಯಾವುದೇ ಇರಲಿ, ನಮ್ಮ ಪಠ್ಯಪುಸ್ತಕಗಳು 'ಕಟ್ಟಿಸಿದರು' ಎಂದು ಸರಿಯಾಗಿಯೇ ಬರೆಯುತ್ತವೆ, ಕಟ್ಟಿದವರು ಯಾರು ಎಂಬ ಮುಂದಿನ ಪ್ರಶ್ನೆಗೆ ಹೋಗುವುದಿಲ್ಲ. ಯಾರ ಜಾತಿಯವರು ಮಣ್ಣು ಹೊತ್ತರು, ಕೂಲಿ ಸಿಕ್ಕಿತೋ ಬಿಟ್ಟಿಯೋ ಅನ್ನುವುದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ನಿವೃತ್ತಿಗೆ ಅಂತ ಊರಾಚೆ ಎರಡು ಎಕರೆ ಕೊಂಡು, ನಾನೇ ಬೆಳೆದ ಟೊಮ್ಯಾಟೊ ಅಂತ ಫೋಟೊ ಹಾಕುವವರು ನಮ್ಮಲ್ಲೂ ಬೇಕಾದಷ್ಟು ಜನ. ಗುಲಾಮಗಿರಿಗೂ ಕೂಲಿಗೂ ವ್ಯತ್ಯಾಸ ದೊಡ್ಡದು, ಎರಡನ್ನೂ ಒಂದು ಮಾಡುತ್ತಿಲ್ಲ. ಆ ಫೋಟೊದಲ್ಲಿ ಇಲ್ಲದ ಕೈ ಮಾತ್ರ ಎರಡೂ ಕಡೆ ಇದೆ.

ಮಾಂಟಿಚೆಲ್ಲೊದಲ್ಲಿ ಇದಕ್ಕೊಂದು ಉತ್ತರ ಹುಡುಕುವ ಕೆಲಸ ನಿಧಾನವಾಗಿ ನಡೆದಿದೆ. ಜೆಫರ್ಸನ್ ಸತ್ತ ಮೇಲೆ ತೋಟ ಹಾಳುಬಿತ್ತು, ಮಂಟಪ ಗಾಳಿಗೆ ಬಿತ್ತು, ಮನೆ ಕೈ ಬದಲಾಯಿತು. 1923ರಲ್ಲಿ ಪ್ರತಿಷ್ಠಾನವೊಂದು ಅದನ್ನು ಕೊಂಡಿತು. 1979ರಲ್ಲಿ ಉತ್ಖನನ ಶುರುಮಾಡಿ, ಮಣ್ಣಿನಡಿ ಗೋಡೆಯ ಅಡಿಪಾಯ, ಬೇಲಿ ಕಂಬಗಳ ಗುಳಿ ಹುಡುಕಿ, ತೋಟವನ್ನು ಮತ್ತೆ ಎಬ್ಬಿಸಿದರು. ದಶಕಗಳ ಕಾಲ ಬರುವವರಿಗೆಲ್ಲ ತೋರಿಸಿದ್ದು ಮನೆ ಮತ್ತು ತೋಟ ಮಾತ್ರ. ತೋಟದ ಪಕ್ಕದಲ್ಲೇ ಮೇಲುಗಡೆ ಹಿಪ್ಪುನೇರಳೆ ಮರಗಳ ಸಾಲಿದ್ದ ದಾರಿ. ಗುಲಾಮರ ಗುಡಿಸಲು, ಕುಲುಮೆ, ಬಡಗಿಮನೆಗಳಿದ್ದ ಬೀದಿ ಅದು. ಅಲ್ಲಿನ ಬದುಕನ್ನು ತೋರಿಸಲು ಶುರುಮಾಡಿದ್ದು ತುಂಬಾ ಈಚೆಗೆ. 1993ರಿಂದ ಅಲ್ಲಿನ ಸಂಶೋಧಕರು, ಆ ಬೀದಿಯಲ್ಲಿದ್ದವರ ವಂಶಸ್ಥರನ್ನು ದೇಶದುದ್ದಕ್ಕೂ ಹುಡುಕಿ ಮನೆಮಾತಾಗಿ ಉಳಿದಿದ್ದ ನೆನಪುಗಳನ್ನು ಬರೆದುಕೊಳ್ಳುತ್ತಿದ್ದಾರೆ. 2018ರಲ್ಲಿ ಸ್ಯಾಲಿ ಹೆಮಿಂಗ್ಸ್ ಬಗ್ಗೆ ಪ್ರದರ್ಶನ ತೆರೆಯಿತು.

ವರ್ಮ್ಲಿ ಹ್ಯೂಸ್ 1858ರವರೆಗೆ ಬದುಕಿದ್ದರು. ಅವರ ಕೊನೆಗಾಲದಲ್ಲಿ ಹೆನ್ರಿ ರ‍್ಯಾಂಡಲ್ ಎಂಬ ಲೇಖಕರು ಜೆಫರ್ಸನ್ ಜೀವನಚರಿತ್ರೆ ಬರೆಯಲು ಅವರನ್ನು ಹುಡುಕಿಕೊಂಡು ಬಂದು ಮಾತಾಡಿಸಿದರು. ಕೇಳಿದ್ದು ಯಜಮಾನರ ಬಗ್ಗೆ: ಹೇಗಿದ್ದರು, ಯಾವ ಕುದುರೆ ಏರುತ್ತಿದ್ದರು, ಎಷ್ಟು ಅತಿಥಿಗಳು ಬರುತ್ತಿದ್ದರು. ಮುದುಕರು ನೆನಪಿದ್ದಷ್ಟು ಹೇಳಿದರು, ಅದು ಪುಸ್ತಕವಾಯಿತು. ಆ ತೋಟದ ಒಂದೊಂದು ಗಡ್ಡೆಯನ್ನೂ ಮಣ್ಣಿಗಿಟ್ಟವರ ಸ್ವಂತ ಜೀವನಚರಿತ್ರೆ ಬರೆಯಲು ಆಗ ಯಾರೂ ಬರಲಿಲ್ಲ.